ಸರಕು ಸುಮ್ಮನೆ ಕೂರುವುದಿಲ್ಲ

(ಸರಕು ಸಾಗಣೆಯ ಸುರಕ್ಷತೆಯ ಬಗ್ಗೆ ಕೊಟ್ಟ ಉಪನ್ಯಾಸದ ಬರಹ ರೂಪ)

2015ರ ಜನವರಿ 2ರಂದು ವಿಯೆಟ್ನಾಂನ ವುಂಗ್ ತಾವ್ ತೀರದಿಂದಾಚೆ ಬಲ್ಕ್ ಜುಪಿಟರ್ ಎಂಬ ಹಡಗು ಮುಳುಗಿತು. ಕಟ್ಟಿ ಹತ್ತು ವರ್ಷವೂ ಆಗಿರದ ಹಡಗು. ಮಲೇಷ್ಯಾದ ಕ್ವಾಂಟನ್ ಬಂದರಿನಲ್ಲಿ 46,400 ಟನ್ ಬಾಕ್ಸೈಟ್, ಅಂದರೆ ಅಲ್ಯೂಮಿನಿಯಂ ಅದಿರು, ತುಂಬಿಕೊಂಡು ಹೊರಟಿತ್ತು. ಅದರಲ್ಲಿದ್ದ 19 ಮಂದಿ ಫಿಲಿಪೀನ್ಸ್ ನಾವಿಕರಲ್ಲಿ 18 ಮಂದಿ ತೀರಿಕೊಂಡರು. ಹಡಗು ಬಂಡೆಗೆ ಬಡಿದಿರಲಿಲ್ಲ, ಇನ್ನೊಂದು ಹಡಗಿಗೆ ಡಿಕ್ಕಿ ಹೊಡೆದಿರಲಿಲ್ಲ. ಅದನ್ನು ಮುಳುಗಿಸಿದ್ದು ಅದರ ಹೊಟ್ಟೆಯಲ್ಲಿದ್ದ ಸರಕೇ.

ಆ ಬಾಕ್ಸೈಟ್ ತುಂಬಿಸುವ ದಿನಗಳಲ್ಲಿ ಅಲ್ಲಿ ಜಡಿಮಳೆ. ಆಗಿನ ಅಂತರರಾಷ್ಟ್ರೀಯ ನಿಯಮಾವಳಿಯ ಪಟ್ಟಿಯಲ್ಲಿ ಬಾಕ್ಸೈಟ್ ಅಂದರೆ ಹೆಚ್ಚಿನಂಶ ಹೆಂಟೆಗಳಿರುವ, ತೇವಾಂಶ ಶೇ 10 ದಾಟದ, ಅಪಾಯವಿಲ್ಲದ ಸರಕು ಎಂದಿತ್ತು. ತನಿಖೆ ಮಾಡಿದವರಿಗೆ ಸಿಕ್ಕಿದ್ದು ಶೇ 20 ಮೀರಿದ ತೇವಾಂಶ. ಕಾಗದದಲ್ಲಿದ್ದ ಬಾಕ್ಸೈಟ್ ಬೇರೆ, ಹಡಗಿಗೆ ಬಿದ್ದ ಬಾಕ್ಸೈಟ್ ಬೇರೆ.

ಅಪಘಾತ ಅಂದ ಕೂಡಲೇ ನಾವು ಚಾಲಕನನ್ನು ನೋಡುತ್ತೇವೆ, ಬ್ರೇಕು ನೋಡುತ್ತೇವೆ, ರಸ್ತೆ ನೋಡುತ್ತೇವೆ, ಸಮುದ್ರವಾದರೆ ಗಾಳಿ ಅಲೆಯ ಲೆಕ್ಕ ತೆಗೆಯುತ್ತೇವೆ. ಲೋಡಿನ ಬಗ್ಗೆ ಕೇಳಿದರೂ ‘ಎಷ್ಟು ಟನ್ ಇತ್ತು?’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ತೂಕ ಸರಕಿನ ಒಂದು ಗುಣ ಮಾತ್ರ. ಅದು ಜಾರುತ್ತದೆಯೇ, ಕುಸಿಯುತ್ತದೆಯೇ, ತುಳುಕುತ್ತದೆಯೇ, ಅಲುಗಿಸಿದರೆ ಕೆಸರಾಗುತ್ತದೆಯೇ, ಬಿಸಿಗೆ ಹಿಗ್ಗುತ್ತದೆಯೇ, ಸುತ್ತಲಿನ ಆಮ್ಲಜನಕ ಹೀರುತ್ತದೆಯೇ, ಇವೆಲ್ಲ ಬೇರೆ ಬೇರೆ ಪ್ರಶ್ನೆಗಳು. ಪ್ರತಿಯೊಂದಕ್ಕೂ ಅಳತೆ ಇದೆ, ಪರೀಕ್ಷೆ ಇದೆ. ಇಂದಿನ ನನ್ನ ಮಾತು ಅವುಗಳ ಬಗ್ಗೆ. ಜೊತೆಗೆ ನನ್ನನ್ನು ಬಹಳ ಕಾಲದಿಂದ ಕಾಡುವ ಇನ್ನೊಂದು ಸಂಗತಿಯೂ ಇದೆ: ಸರಕಿನ ಸ್ವಭಾವ ಗೊತ್ತಿರುವವರು ಸಾಮಾನ್ಯವಾಗಿ ಅದರ ಜೊತೆ ಪ್ರಯಾಣ ಮಾಡುವುದಿಲ್ಲ, ಪ್ರಯಾಣ ಮಾಡುವವರಿಗೆ ಅದನ್ನು ಯಾರೂ ಹೇಳಿರುವುದಿಲ್ಲ.

ಮೊದಲು ಕೆಸರಾಗುವುದು ಅಂದರೇನು ಎಂದು ನೋಡೋಣ. ಸಮುದ್ರದ ದಡದಲ್ಲಿ ಒದ್ದೆ ಮರಳಿನ ಮೇಲೆ ನಿಂತು ಒಂದೇ ಜಾಗದಲ್ಲಿ ಕಾಲು ಬಡಿಯುತ್ತಾ ಹೋದರೆ ಗಟ್ಟಿಯಾಗಿದ್ದ ಮರಳು ಮೆತ್ತಗಾಗಿ, ನೀರು ಮೇಲೆ ಬಂದು, ಪಾದ ಹೂತುಹೋಗುತ್ತದೆ. ಅದಿರಿನ ಪುಡಿಯಲ್ಲಿ ನಡೆಯುವುದೂ ಇದೇ. ಕಾಳಿಗೆ ಕಾಳು ಒತ್ತಿಕೊಂಡಿರುವುದರಿಂದ ರಾಶಿಗೆ ಗಟ್ಟಿತನ ಬರುತ್ತದೆ. ಕಾಳುಗಳ ನಡುವಿನ ಸಂದಿಯಲ್ಲಿ ಸ್ವಲ್ಪ ಗಾಳಿ, ಸ್ವಲ್ಪ ನೀರು. ಎಂಜಿನ್ ಅದುರಿದಂತೆ, ಅಲೆಗೆ ಹಡಗು ಹೊಯ್ದಾಡಿದಂತೆ ರಾಶಿ ಇಳಿಯುತ್ತದೆ, ಸಂದಿಗಳು ಕಿರಿದಾಗುತ್ತವೆ. ಗಾಳಿ ಹೊರಗೆ ಹೋಗುತ್ತದೆ. ನುಣ್ಣನೆಯ ಪುಡಿಯಲ್ಲಿ ನೀರು ಅಷ್ಟು ಬೇಗ ಹೊರಗೆ ಹೋಗಲಾರದು. ಹೊರೆಯ ಭಾರ ನೀರಿನ ಮೇಲೆ ಬೀಳುತ್ತದೆ, ನೀರಿನ ಒತ್ತಡ ಏರುತ್ತದೆ. ಆ ಒತ್ತಡ ಕಾಳುಗಳನ್ನು ಒಂದರಿಂದ ಇನ್ನೊಂದನ್ನು ಬಿಡಿಸುವಷ್ಟಾದ ಕ್ಷಣದಲ್ಲಿ ರಾಶಿಯ ಗಟ್ಟಿತನ ಹೊರಟುಹೋಗುತ್ತದೆ. ಬಂದರಿನಲ್ಲಿ ಅದರ ಮೇಲೆ ನಡೆದಾಡಿದ್ದೆವಲ್ಲ ಎಂಬುದು ಏನನ್ನೂ ಸಾಬೀತು ಮಾಡುವುದಿಲ್ಲ. ಒಣಗಿದಂತೆ ಕಾಣುವ ಸರಕೇ ಈ ಆಟ ಆಡುವುದು.

ಹಡಗು ಒಂದು ಕಡೆಗೆ ವಾಲಿದಾಗ ಈ ಕೆಸರು ಆ ಕಡೆಗೆ ಹರಿಯುತ್ತದೆ. ಹಡಗು ಮರಳಿ ನೆಟ್ಟಗಾಗುವಾಗ ಕೆಸರೂ ಪೂರ್ತಿ ಮರಳಿದ್ದರೆ ತೊಂದರೆ ಕಡಿಮೆ ಇರುತ್ತಿತ್ತು. ಅದು ಅಲ್ಲೇ ಅರೆಗಟ್ಟಿಯಾಗಿ ಉಳಿದುಬಿಡುತ್ತದೆ. ಮುಂದಿನ ಅಲೆಗೆ ಇನ್ನಷ್ಟು ಬಂದು ಸೇರುತ್ತದೆ. ಹೀಗೆ ಹಡಗಿನ ವಾಲು ಹೆಚ್ಚುತ್ತಾ ಹೋಗುತ್ತದೆ. ಇದೆಲ್ಲ ಶುರುವಾದ ಮೇಲೆ ಸಿಬ್ಬಂದಿಗೆ ಸಿಗುವ ಸಮಯ ಗಂಟೆಗಳದ್ದಲ್ಲ, ಎಷ್ಟೋ ಸಲ ನಿಮಿಷಗಳದ್ದು.

2009ರಲ್ಲಿ ಭಾರತದಿಂದ ಕಬ್ಬಿಣದ ಅದಿರಿನ ಪುಡಿ ತುಂಬಿಕೊಂಡಿದ್ದ ಏಷಿಯನ್ ಫಾರೆಸ್ಟ್ ಮಂಗಳೂರಿನ ಬಳಿಯೂ ಬ್ಲ್ಯಾಕ್ ರೋಸ್ ಪಾರಾದೀಪದ ಬಳಿಯೂ ಮುಳುಗಿದವು. ಎರಡೂ ಮಳೆಗಾಲದಲ್ಲೇ. ಮರುವರ್ಷ ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ಮೊದಲ ವಾರದೊಳಗೆ ಜಿಯಾನ್ ಫು ಸ್ಟಾರ್, ನಾಸ್ಕೊ ಡೈಮಂಡ್, ಹಾಂಗ್ ವೈ ಎಂಬ ಮೂರು ಹಡಗುಗಳು ಮುಳುಗಿದವು. ಮೂರರಲ್ಲೂ ಇಂಡೋನೇಷ್ಯಾದಿಂದ ಚೀನಾಕ್ಕೆ ಹೊರಟ ನಿಕಲ್ ಅದಿರು. 44 ನಾವಿಕರು ಹೋದರು. ನಿಕಲ್ ಅದಿರು ಜೇಡಿಮಣ್ಣಿನಂಥದ್ದು. ಗಣಿಯಿಂದ ತೆಗೆದು ಬಯಲಲ್ಲಿ ರಾಶಿ ಹಾಕಿ, ಬಿಸಿಲಿಗೆ ಒಣಗಲಿ ಎಂದು ಬಿಡುವುದು ವಾಡಿಕೆ. ಮಳೆ ಬಂದರೆ ಆ ಲೆಕ್ಕವೆಲ್ಲ ತಲೆಕೆಳಗು.

ಇದಕ್ಕೆ ಎಂಜಿನಿಯರಿಂಗ್ ಏನು ಉತ್ತರ ಕಂಡುಕೊಂಡಿದೆ? ಪ್ರತಿ ಅದಿರಿಗೂ ಒಂದು ತೇವಾಂಶದ ಮಟ್ಟವಿದೆ. ಅದನ್ನು ದಾಟಿದರೆ ಅಲುಗಾಟಕ್ಕೆ ಹರಿಯಲು ಶುರುವಾಗುತ್ತದೆ. ಪ್ರಯೋಗಾಲಯದಲ್ಲಿ ಸ್ಯಾಂಪಲನ್ನು ಒಂದು ಲೋಹದ ಮೇಜಿನ ಮೇಲೆ ಅಚ್ಚು ಹೊಯ್ದು, ಮೇಜನ್ನು ಎತ್ತಿ ಎತ್ತಿ ಬೀಳಿಸುತ್ತಾ, ಯಾವ ತೇವಾಂಶದಲ್ಲಿ ಅಚ್ಚು ಬಿರುಕು ಬಿಡುವ ಬದಲು ಮೆತ್ತಗೆ ಹರಡಿಕೊಳ್ಳುತ್ತದೆ ಎಂದು ನೋಡುತ್ತಾರೆ. ಅದು ಹರಿವಿನ ಬಿಂದು. ಅದರ ಶೇ 90ನ್ನು ಸಾಗಣೆಗೆ ಗರಿಷ್ಠ ಮಿತಿ ಎಂದು ಇಟ್ಟುಕೊಳ್ಳುವುದು. ಉದಾಹರಣೆಗೆ, ಹರಿವಿನ ಬಿಂದು ಶೇ 12 ಇದ್ದರೆ ಹಡಗಿಗೆ ಶೇ 10.8ಕ್ಕಿಂತ ಹೆಚ್ಚು ಒದ್ದೆಯ ಸರಕು ಹತ್ತಬಾರದು. ಘನ ಸರಕುಗಳ ಅಂತರರಾಷ್ಟ್ರೀಯ ನಿಯಮಾವಳಿ 2011ರ ಜನವರಿ 1ರಿಂದ ಕಡ್ಡಾಯವಾಗಿದೆ. ತೇವಾಂಶದ ಸ್ಯಾಂಪಲ್ ತೆಗೆದದ್ದು ಲೋಡಿಂಗಿಗೆ ಏಳು ದಿನಕ್ಕಿಂತ ಹಳೆಯದಾಗಿರಬಾರದು, ನಡುವೆ ಮಳೆ ಬಂದರೆ ಮತ್ತೆ ಪರೀಕ್ಷಿಸಬೇಕು.

ಹಡಗಿನ ಮೇಲೆಯೇ ಮಾಡಬಹುದಾದ ಒಂದು ಪರೀಕ್ಷೆಯನ್ನು ನಿಮಗೆ ವಿವರವಾಗಿ ಹೇಳಬೇಕು. ಅರ್ಧದಿಂದ ಒಂದು ಲೀಟರ್ ಹಿಡಿಯುವ ತಗಡಿನ ಡಬ್ಬಿ ತೆಗೆದುಕೊಳ್ಳಿ. ಅರ್ಧದಷ್ಟು ಅದಿರು ತುಂಬಿ. ಒಂದು ಕೈಯಲ್ಲಿ ಹಿಡಿದು ಸುಮಾರು 20 ಸೆಂಟಿಮೀಟರ್ ಎತ್ತರದಿಂದ ಗಟ್ಟಿ ನೆಲಕ್ಕೆ ಕುಕ್ಕಿ. ಒಂದೆರಡು ಸೆಕೆಂಡಿಗೊಮ್ಮೆ ಹೀಗೆ 25 ಸಲ. ಆಮೇಲೆ ಮೇಲ್ಮೈ ನೋಡಿ. ನೀರು ಮಿನುಗುತ್ತಿದ್ದರೆ, ಅಥವಾ ಅದಿರು ಗಂಜಿಯ ಹಾಗೆ ಸಮತಟ್ಟಾಗಿದ್ದರೆ ಲೋಡಿಂಗ್ ನಿಲ್ಲಿಸಿ ಪ್ರಯೋಗಾಲಯಕ್ಕೆ ಕಳಿಸಬೇಕು. ಯಾವ ಯಂತ್ರವೂ ಬೇಡದ, ಎರಡು ನಿಮಿಷದ ಕೆಲಸ. ಆದರೆ ಇದರ ಉತ್ತರ ಒಂದೇ ದಿಕ್ಕಿನಲ್ಲಿ ನಂಬತಕ್ಕದ್ದು. ನೀರು ಕಂಡರೆ ಸರಕು ಅಪಾಯದ್ದು, ಇದರಲ್ಲಿ ಸಂಶಯವಿಲ್ಲ. ನೀರು ಕಾಣದಿದ್ದರೆ ಸರಕು ಸುರಕ್ಷಿತ ಎಂದು ಅರ್ಥವಲ್ಲ. ಈ ಎರಡನೆಯ ಮಾತನ್ನು ಮರೆತು ಡಬ್ಬಿ ಪರೀಕ್ಷೆಯನ್ನೇ ಅನುಮತಿ ಪತ್ರದಂತೆ ಬಳಸುವುದು ತುಂಬಾ ಅಪಾಯದ ರೂಢಿ.

ಬಲ್ಕ್ ಜುಪಿಟರ್ ದುರಂತದ ನಂತರ ನಡೆದ ಸಂಶೋಧನೆ ನಮಗೆ ಇನ್ನೂ ಒಂದು ಹೊಸ ಸಂಗತಿ ಕಲಿಸಿತು. ಬಾಕ್ಸೈಟ್ ಬಗ್ಗೆ ಅಧ್ಯಯನ ಮಾಡಲು ಒಂದು ಅಂತರರಾಷ್ಟ್ರೀಯ ಕಾರ್ಯತಂಡ ರಚನೆಯಾಯಿತು. 2017ರಲ್ಲಿ ಅದು ಕೊಟ್ಟ ವರದಿಯ ಪ್ರಕಾರ ಬಾಕ್ಸೈಟಿನಲ್ಲಿ ನಡೆಯುವುದು ನಾನು ಈಗ ವಿವರಿಸಿದ ಕೆಸರಾಗುವಿಕೆಯಲ್ಲ. ಅಲುಗಾಟಕ್ಕೆ ನುಣುಪು ಪುಡಿ ಮತ್ತು ನೀರು ರಾಶಿಯಿಂದ ಬೇರ್ಪಟ್ಟು ಮೇಲಕ್ಕೆ ಬರುತ್ತವೆ. ಕೆಳಗಿನ ಸರಕು ಇನ್ನೂ ಗಟ್ಟಿಯಾಗುತ್ತದೆ. ಮೇಲೆ ಮಾತ್ರ ತೆಳ್ಳನೆಯ ಬಗ್ಗಡದ ಒಂದು ಪದರ ತುಳುಕಾಡತೊಡಗುತ್ತದೆ. ಪರಿಣಾಮ ಅಷ್ಟೇ ಭೀಕರ, ಆದರೆ ಹಾದಿ ಬೇರೆ. ಹಾದಿ ಬೇರೆಯಾದ್ದರಿಂದ ಪರೀಕ್ಷೆಯೂ ಬೇರೆಯಾಗಬೇಕಾಯಿತು, ನುಣುಪು ಬಾಕ್ಸೈಟ್ ಈಗ ಪಟ್ಟಿಯಲ್ಲಿ ಪ್ರತ್ಯೇಕ ಅಪಾಯಕಾರಿ ಸರಕಾಗಿದೆ. ಕಬ್ಬಿಣದ ಅದಿರಿನ ಪುಡಿಗೂ ಹೀಗೆಯೇ ಪ್ರತ್ಯೇಕ ಅಧ್ಯಯನ ನಡೆದು ಅದಕ್ಕೆ ಹೊಂದುವಂತೆ ಪರೀಕ್ಷೆಯನ್ನು ಮಾರ್ಪಡಿಸಲಾಯಿತು. ಒಂದು ಸರಕಿಗೆ ಸರಿಹೋದ ಪರೀಕ್ಷೆಯನ್ನು ಇನ್ನೊಂದಕ್ಕೆ ಕಣ್ಣು ಮುಚ್ಚಿಕೊಂಡು ಹಚ್ಚಬಾರದು.

ತೆಳ್ಳನೆಯ ಪದರ ಅಷ್ಟು ದೊಡ್ಡ ಹಡಗನ್ನು ಏನು ಮಾಡೀತು ಎಂದು ನಿಮಗೆ ಅನ್ನಿಸಬಹುದು. ಇದಕ್ಕೆ ಉತ್ತರ ಕೊಡುವ ಒಂದು ಸೂತ್ರವಿದೆ, ನಾನು ಬಹಳ ಮಹತ್ವದ್ದೆಂದು ತಿಳಿದಿರುವ ಸೂತ್ರ. ಮೇಲ್ಮೈ ಸ್ವತಂತ್ರವಾಗಿ ಹರಿದಾಡಬಲ್ಲ ಯಾವುದೇ ದ್ರವ ಹಡಗಿನ ಸ್ಥಿರತೆಯನ್ನು ಕಸಿದುಕೊಳ್ಳುತ್ತದೆ. ಎಷ್ಟು ಕಸಿಯುತ್ತದೆ ಎಂಬುದು ಮುಖ್ಯವಾಗಿ ಆ ಮೇಲ್ಮೈಯ ಅಗಲದ ಮೇಲೆ ನಿಂತಿದೆ, ಅದೂ ಅಗಲದ ಘನದ ಪ್ರಮಾಣದಲ್ಲಿ. ಆಳ ಲೆಕ್ಕಕ್ಕೆ ಬರುವುದು ಕಡಿಮೆ. ಅಗಲ ಎರಡು ಪಟ್ಟಾದರೆ ನಷ್ಟ ಎಂಟು ಪಟ್ಟು. ಹೋಲ್ಡಿನ, ಅಂದರೆ ಹಡಗಿನೊಳಗೆ ಸರಕು ತುಂಬುವ ಕೋಣೆಯ, ನಡುವೆ ಉದ್ದಕ್ಕೆ ಒಂದು ಗೋಡೆ ಕಟ್ಟಿದರೆ ಪ್ರತಿ ಭಾಗದ್ದು ಎಂಟನೇ ಒಂದು, ಎರಡೂ ಸೇರಿ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಎಣ್ಣೆ ಹಡಗುಗಳಲ್ಲಿ ಆ ಗೋಡೆಗಳಿವೆ. ಅದಿರಿನ ಹಡಗಿನಲ್ಲಿ ಹೋಲ್ಡ್ ಇಡೀ ಅಗಲಕ್ಕೆ ಖಾಲಿ, ಏಕೆಂದರೆ ಒಳಗೆ ಹಾಕುವುದು ಘನ ವಸ್ತು ಎಂದು ಎಣಿಸಿ ಕಟ್ಟಿದ್ದು.

ಒಣ ಧಾನ್ಯವೂ ನಂಬಿಕೆಯದ್ದಲ್ಲ. 1957ರ ಸೆಪ್ಟೆಂಬರ್ 21ರಂದು ಜರ್ಮನಿಯ ಪಾಮಿರ್ ಎಂಬ ಹಾಯಿ ಹಡಗು ಅಟ್ಲಾಂಟಿಕ್ ಸಾಗರದಲ್ಲಿ ಕ್ಯಾರಿ ಚಂಡಮಾರುತಕ್ಕೆ ಸಿಕ್ಕಿ ಮುಳುಗಿತು. 86 ಜನರಲ್ಲಿ ಉಳಿದವರು ಆರು ಮಂದಿ. ಹೋದವರಲ್ಲಿ ಬಹಳಷ್ಟು ಜನ ತರಬೇತಿಗೆ ಬಂದಿದ್ದ ಹುಡುಗರು. ಮೂಟೆ ಕಟ್ಟದೆ ಸಡಿಲವಾಗಿ ಸುರಿದಿದ್ದ ಬಾರ್ಲಿ ಪಕ್ಕಕ್ಕೆ ಸರಿದದ್ದು ಮುಖ್ಯ ಕಾರಣ ಎಂದು ವಿಚಾರಣೆಯಲ್ಲಿ ಹೇಳಲಾಯಿತು. ಹೋಲ್ಡನ್ನು ತುಂಬಾ ತುಂಬಿಸಿದ್ದರೂ ದಾರಿಯಲ್ಲಿ ಧಾನ್ಯ ಕುಕ್ಕಿ ಇಳಿದು ಮೇಲೆ ಜಾಗವಾಗುತ್ತದೆ, ಆ ಜಾಗವೇ ಸರಿಯಲು ದಾರಿ. ಇಂದಿನ ಧಾನ್ಯ ಸಾಗಣೆ ನಿಯಮ ಇದನ್ನು ಮೊದಲೇ ಒಪ್ಪಿಕೊಂಡು ಲೆಕ್ಕ ಹಾಕಿಸುತ್ತದೆ: ಧಾನ್ಯ ಸರಿದೇ ಸರಿಯುತ್ತದೆ ಎಂದಿಟ್ಟುಕೊಂಡರೂ ಹಡಗು 12 ಡಿಗ್ರಿಗಿಂತ ಹೆಚ್ಚು ವಾಲಬಾರದು. ಸರಿಯುವುದಿಲ್ಲ ಎಂಬ ಆಶೆಯ ಮೇಲೆ ಕಟ್ಟದ ಈ ನಿಯಮವನ್ನು ನಾನು ಬಹಳ ಮೆಚ್ಚುತ್ತೇನೆ.

ಇನ್ನು ರಸ್ತೆಗೆ ಬರೋಣ. ತುಂಬಿದ ಟ್ಯಾಂಕರಿಗಿಂತ ಅರ್ಧ ತುಂಬಿದ ಟ್ಯಾಂಕರ್ ಹಗುರ, ಹಾಗಾಗಿ ಓಡಿಸುವುದು ಸುಲಭ ಎಂದು ಹೊಸಬರು ಅಂದುಕೊಳ್ಳುತ್ತಾರೆ. ಹಳಬರಿಗೆ ಕೈಗೇ ಗೊತ್ತಾಗಿರುತ್ತದೆ, ವಿಷಯ ಹಾಗಿಲ್ಲ ಎಂದು. ಒಂದು ಲೆಕ್ಕ ಮಾಡೋಣ. 100 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋದರೆ ಪಕ್ಕಕ್ಕೆ ತಳ್ಳುವ ವೇಗೋತ್ಕರ್ಷ ಗುರುತ್ವದ 0.28ರಷ್ಟು. 70ರಲ್ಲಿ ಹೋದರೆ 0.39. ವೇಗ ಏರಿದ್ದು ಆರನೇ ಒಂದು ಭಾಗ, ತಳ್ಳುವ ಬಲ ಏರಿದ್ದು ಮೂರನೇ ಒಂದು ಭಾಗಕ್ಕೂ ಮೇಲೆ. ಲಾರಿ ಪಲ್ಟಿಯಾಗುವ ಮಿತಿಯನ್ನು ಮೊದಲ ಅಂದಾಜಿಗೆ ಚಕ್ರಗಳ ನಡುವಿನ ಅಗಲದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಿ ತೆಗೆಯುತ್ತೇವೆ. ಅಗಲ 1.9 ಮೀಟರ್, ಎತ್ತರ 2 ಮೀಟರ್ ಇದ್ದರೆ ಕಾಗದದ ಮೇಲೆ 0.47 ಬರುತ್ತದೆ. ಟೈರು ಮತ್ತು ಸ್ಪ್ರಿಂಗ್‌ಗಳು ಬಾಗುವುದರಿಂದ ನಿಜದಲ್ಲಿ ಅದು ಇನ್ನೂ ಕೆಳಗೆ ಇಳಿಯುತ್ತದೆ. ಲೋಡಾದ ಭಾರಿ ವಾಹನಗಳಿಗೆ 0.3ರಿಂದ 0.4ರ ನಡುವಿನ ಮಿತಿ ಸಾಮಾನ್ಯ. ಅಂದರೆ ಮೇಲಿನ ತಿರುವಿನಲ್ಲಿ 60ಕ್ಕೂ 70ಕ್ಕೂ ನಡುವೆ ಇರುವುದು ನೆಟ್ಟಗೆ ನಿಲ್ಲುವುದಕ್ಕೂ ಮಗುಚಿಕೊಳ್ಳುವುದಕ್ಕೂ ಇರುವ ಅಂತರ.

ಇದು ಅಲುಗದ ಲೋಡಿನ ಮಾತಾಯಿತು. ಟ್ಯಾಂಕಿನೊಳಗೆ ದ್ರವ ಇದ್ದರೆ ಅದು ತಿರುವಿನ ಹೊರಬದಿಗೆ ಏರಿ ಗುರುತ್ವ ಕೇಂದ್ರವನ್ನೂ ಜೊತೆಗೆ ಒಯ್ಯುತ್ತದೆ. ಎರಡು ಮೀಟರ್ ಅಗಲದ ಟ್ಯಾಂಕಿನಲ್ಲಿ ಒಂದು ಮೀಟರ್ ಎತ್ತರಕ್ಕೆ ದ್ರವ ಇದ್ದರೆ ಅದು ಆ ಬದಿಯಿಂದ ಈ ಬದಿಗೆ ಹೋಗಿ ಬರಲು ಸುಮಾರು 1.7 ಸೆಕೆಂಡು ಬೇಕು. ಎದುರಿಗೆ ಏನೋ ಅಡ್ಡ ಬಂತೆಂದು ಚಾಲಕ ಸ್ಟಿಯರಿಂಗನ್ನು ಒಂದು ಕಡೆಗೆ ಎಳೆದು ಮತ್ತೆ ಇನ್ನೊಂದು ಕಡೆಗೆ ತಿರುಗಿಸುವುದಕ್ಕೂ ಹೆಚ್ಚುಕಮ್ಮಿ ಅಷ್ಟೇ ಹೊತ್ತು. ಎರಡೂ ತಾಳ ಕೂಡಿಬಿಟ್ಟರೆ, ಚಾಲಕ ಎರಡನೆಯ ಸಲ ತಿರುಗಿಸುವ ಹೊತ್ತಿಗೆ ದ್ರವ ಪೂರ್ತಿ ರಭಸದಲ್ಲಿ ತಪ್ಪಾದ ಬದಿಗೆ ಬಂದು ಅಪ್ಪಳಿಸುತ್ತದೆ. ಚಾಲಕನ ಅಜಾಗರೂಕತೆ ಎಂದು ದಾಖಲಾಗುವ ಎಷ್ಟೋ ಪಲ್ಟಿಗಳ ಹಿಂದೆ ಈ 1.7 ಸೆಕೆಂಡು ಇರಬಹುದು ಎಂಬುದು ನನ್ನ ಅನುಮಾನ. ಟ್ಯಾಂಕಿನೊಳಗೆ ಅಡ್ಡ ತಡೆತಟ್ಟೆಗಳಿವೆಯಲ್ಲ ಎಂದು ಕೇಳುತ್ತೀರಿ. ಸಾಮಾನ್ಯವಾಗಿ ಅವು ಹಿಂದೆ ಮುಂದೆ ನುಗ್ಗುವುದನ್ನು ತಡೆಯುತ್ತವೆ, ಬದಿಯಿಂದ ಬದಿಗೆ ತುಳುಕುವುದನ್ನಲ್ಲ. ಹಾಲಿನಂಥ ಆಹಾರದ ಟ್ಯಾಂಕರುಗಳಲ್ಲಿ, ತೊಳೆಯಲು ಅಡ್ಡಿ ಎಂದು, ಅದೂ ಇರುವುದಿಲ್ಲ. ಹಾಗಾಗಿ ಪೂರ್ತಿ ತುಂಬಿಸಿ ಕಳಿಸುವುದು ಅಥವಾ ಟ್ಯಾಂಕನ್ನು ಪ್ರತ್ಯೇಕ ಕೋಣೆಗಳಾಗಿ ಮಾಡಿ ಒಂದೊಂದನ್ನು ಪೂರ್ತಿ ಖಾಲಿ ಮಾಡುವುದು, ಇವೆರಡೇ ಗಟ್ಟಿ ಉಪಾಯಗಳು. ಪೂರ್ತಿ ಅಂದರೆ ಅಂಚಿನವರೆಗೆ ಅಲ್ಲ. ಬಿಸಿಲಿಗೆ ದ್ರವ ಹಿಗ್ಗಲು ಜಾಗ ಬಿಡಲೇಬೇಕು.

ಈಗ ಲಾರಿಯಲ್ಲಿ ಸರಕಿಗೆ ಬೆಲ್ಟು ಬಿಗಿಯುವ ವಿಚಾರ. ಇದರ ಮೇಲೆ ನಾನು ಸ್ವಲ್ಪ ಹೆಚ್ಚು ಸಮಯ ತೆಗೆದುಕೊಳ್ಳುತ್ತೇನೆ, ಏಕೆಂದರೆ ದಿನವೂ ಸಾವಿರಾರು ಜನ ಮಾಡುವ ಕೆಲಸ ಇದು, ಇದರಲ್ಲಿರುವಷ್ಟು ತಪ್ಪು ತಿಳಿವಳಿಕೆ ಬೇರೆಲ್ಲೂ ಇಲ್ಲ. ಹಿಡಿ ಎಳೆದು ಬಿಗಿಯುವ ರಾಚೆಟ್ ಬೆಲ್ಟಿನ ಮೇಲೆ ಒಂದು ಚೀಟಿ ಹೊಲಿದಿರುತ್ತದೆ. ಅದರಲ್ಲಿ ಎರಡು ಸಂಖ್ಯೆಗಳು. ದೊಡ್ಡದು 2,500, ಚಿಕ್ಕದು 300 ಎಂದಿಟ್ಟುಕೊಳ್ಳಿ. ಎರಡನ್ನೂ ಹೆಚ್ಚುಕಡಿಮೆ ಕಿಲೋ ಭಾರ ಎಂದೇ ಓದಬಹುದು. ದೊಡ್ಡ ಸಂಖ್ಯೆ ನೋಡಿ, ‘ಈ ಬೆಲ್ಟು ಎರಡೂವರೆ ಟನ್ ಹಿಡಿಯುತ್ತದೆ, ನಮ್ಮದು ಒಂದೇ ಟನ್ ಪೆಟ್ಟಿಗೆ, ಒಂದು ಬೆಲ್ಟು ಸಾಕು’ ಎನ್ನುತ್ತಾರೆ. ಆ 2,500 ಬೆಲ್ಟು ಎಷ್ಟು ಎಳೆತ ತಾಳಬಲ್ಲದು ಎಂದು ಹೇಳುತ್ತದೆ. ಪೆಟ್ಟಿಗೆಯ ಮೇಲಿಂದ ಹಾಯಿಸಿ ಬಿಗಿದಾಗ ಪೆಟ್ಟಿಗೆಯನ್ನು ಎಷ್ಟು ಒತ್ತಿ ಹಿಡಿಯುತ್ತದೆ ಎಂಬುದು ಚಿಕ್ಕ ಸಂಖ್ಯೆಯಲ್ಲಿದೆ: ಮನುಷ್ಯನ ಕೈ ರಾಚೆಟ್ ಹಿಡಿಯನ್ನು ಎಳೆದು ಬಿಟ್ಟ ಮೇಲೆ ಬೆಲ್ಟಿನಲ್ಲಿ ಉಳಿಯುವ ಬಿಗಿ, ಅಂದರೆ 300.

ಲೆಕ್ಕ ನೋಡಿ. ಜೋರಾಗಿ ಬ್ರೇಕ್ ಹಾಕಿದರೆ ಸರಕು ತನ್ನ ತೂಕದ 0.8ರಷ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ. ಯುರೋಪಿನ ಮಾನದಂಡವೂ ಅಮೆರಿಕದ ನಿಯಮವೂ ಇಟ್ಟುಕೊಂಡಿರುವ ಅಂಕಿ ಇದೇ. ಒಂದು ಟನ್ ಪೆಟ್ಟಿಗೆಗೆ 800 ಕಿಲೋ ನೂಕು. ಲಾರಿಯಲ್ಲಿ ಸರಕಿಡುವ ತಳಕ್ಕೂ ಪೆಟ್ಟಿಗೆಗೂ ನಡುವಿನ ಘರ್ಷಣೆಯ ಗುಣಾಂಕ 0.3 ಇದ್ದರೆ ಘರ್ಷಣೆ 300 ಕಿಲೋ ತಡೆಯುತ್ತದೆ. ಉಳಿದ 500ನ್ನು ಬೆಲ್ಟು ಒತ್ತುವುದರಿಂದ ಹುಟ್ಟುವ ಹೆಚ್ಚುವರಿ ಘರ್ಷಣೆಯೇ ತಡೆಯಬೇಕು. ಅದಕ್ಕೆ ಬೇಕಾದ ಒತ್ತು 500 ಭಾಗಿಸು 0.3, ಸುಮಾರು 1,670 ಕಿಲೋ. ಬೆಲ್ಟು ಎರಡೂ ಬದಿಯಲ್ಲಿ ನೇರ ಕೆಳಕ್ಕೆ ಎಳೆದರೆ ಒಂದು ಬೆಲ್ಟಿಗೆ 600. ಅಂದರೆ ಮೂರು ಬೆಲ್ಟು ಬೇಕು, ಅದೂ ಸುರಕ್ಷತೆಗೆಂದು ಏನನ್ನೂ ಹೆಚ್ಚಿಗೆ ಸೇರಿಸದೆ. ಪೆಟ್ಟಿಗೆ ಗಿಡ್ಡವಾಗಿದ್ದು ಬೆಲ್ಟು ಲಾರಿಯ ತಳಕ್ಕೆ 30 ಡಿಗ್ರಿ ಕೋನದಲ್ಲಿ ಓರೆಯಾಗಿ ಇಳಿದರೆ ಕೆಳಮುಖ ಬಲ ಅರ್ಧವಾಗುತ್ತದೆ, ಆಗ ಆರು.

ಅದೇ ಪೆಟ್ಟಿಗೆಯ ಕೆಳಗೆ ಜಾರದ ರಬ್ಬರ್ ಹಾಸು ಹಾಕಿ. ಗುಣಾಂಕ 0.6ಕ್ಕೆ ಏರುತ್ತದೆ. ಘರ್ಷಣೆಯೇ 600 ತಡೆಯಿತು, ಉಳಿದದ್ದು 200, ಬೇಕಾದ ಒತ್ತು 333. ನೇರವಾಗಿ ಬಿಗಿದ ಒಂದೇ ಬೆಲ್ಟಿನ ಕೆಲಸ. ಕೆಲವು ಮಿಲಿಮೀಟರ್ ದಪ್ಪದ ರಬ್ಬರ್ ಚೂರು ಎರಡು ಬೆಲ್ಟುಗಳ ಕೆಲಸ ಮಾಡಿತು. ಹಾಗೆಯೇ ಆ ತಳದ ಮೇಲಿನ ಧೂಳು, ಎಣ್ಣೆ, ಮಂಜಿನ ಪಸೆ ಆ ಗುಣಾಂಕವನ್ನು ಇನ್ನೂ ಕೆಳಗಿಳಿಸುತ್ತವೆ. ಲೋಡು ಹಾಕುವ ಮೊದಲು ಕಸ ಗುಡಿಸುವುದು ಎಂಜಿನಿಯರಿಂಗಿನ ಕೆಲಸವೇ. ಇನ್ನೂ ಒಳ್ಳೆಯದೆಂದರೆ ಪೆಟ್ಟಿಗೆಯನ್ನು ಮುಂದಿನ ಗಟ್ಟಿ ಗೋಡೆಗೆ ಸಂದಿಯಿಲ್ಲದಂತೆ ತಾಗಿಸಿ ನಿಲ್ಲಿಸುವುದು. ಸಂದಿ ಬಿಟ್ಟರೆ ಸರಕು ಓಡಿ ಬಂದು ಗುದ್ದುತ್ತದೆ, ತಾಗಿಸಿದ್ದರೆ ಒರಗುತ್ತದೆ ಅಷ್ಟೇ.

ಬೆಲ್ಟಿನ ಇನ್ನೊಂದು ಸಂಗತಿ: ಹೊರಟ ಕೆಲವೇ ಹೊತ್ತಿನಲ್ಲಿ ಲೋಡು ಕುಕ್ಕಿ ಕೂತು ಬೆಲ್ಟು ಸಡಿಲವಾಗುತ್ತದೆ. ಮೂಟೆಗಳು, ಮರದ ದಿಮ್ಮಿಗಳು, ರಟ್ಟಿನ ಪೆಟ್ಟಿಗೆಗಳಲ್ಲಿ ಇದು ಖಂಡಿತ. ಒಂದು ಸೆಂಟಿಮೀಟರ್ ಕುಸಿದರೆ ಸಾಕು, ಬಿಗಿಯೆಲ್ಲ ಮಾಯ. ಅಮೆರಿಕದ ನಿಯಮ ಮೊದಲ 50 ಮೈಲಿಯೊಳಗೆ ನಿಲ್ಲಿಸಿ ನೋಡಿ ಎಂದು ಚಾಲಕರಿಗೆ ಹೇಳುವುದು ಇದಕ್ಕೇ.

ಕಟ್ಟು ಕಿತ್ತರೆ ವಿಮಾನಕ್ಕೂ ಉಳಿಗಾಲವಿಲ್ಲ. 2013ರ ಏಪ್ರಿಲ್ 29ರಂದು ಅಫ್ಘಾನಿಸ್ತಾನದ ಬಗ್ರಾಮ್‌ನಿಂದ ಮೇಲೇರಿದ ಬೋಯಿಂಗ್ 747 ಸರಕು ವಿಮಾನದಲ್ಲಿ ಐದು ಸೇನಾ ಕವಚ ವಾಹನಗಳಿದ್ದವು, ಒಂದೊಂದು 12ರಿಂದ 18 ಟನ್. ಏರುವಾಗ ಕನಿಷ್ಠ ಒಂದು ವಾಹನ ಕಟ್ಟು ಬಿಡಿಸಿಕೊಂಡು ಹಿಂದಕ್ಕೆ ಜಾರಿತು. ಅದು ಹೈಡ್ರಾಲಿಕ್ ವ್ಯವಸ್ಥೆಯನ್ನೂ ಬಾಲದ ಭಾಗದ ಚಾಲನೆಯನ್ನೂ ಮುರಿದು, ವಿಮಾನ ಪೈಲಟ್‌ಗಳ ಕೈಮೀರಿತು. ಏಳೂ ಮಂದಿ ಸತ್ತರು. ಅಂಥ ವಾಹನಗಳನ್ನು ಕಟ್ಟುವ ಲಿಖಿತ ಕ್ರಮದಲ್ಲೇ ಕೊರತೆ ಇತ್ತೆಂದು ಅಮೆರಿಕದ ತನಿಖಾ ಮಂಡಳಿ ಹೇಳಿತು. ಕಟ್ಟಿದವರು ಪುಸ್ತಕದಲ್ಲಿದ್ದಂತೆಯೇ ಕಟ್ಟಿರಬಹುದು. ಪುಸ್ತಕ ಆ ಸರಕಿಗೆ ಸಾಲದಾಗಿತ್ತು.

ಕಂಟೇನರುಗಳ ಜಗತ್ತಿನಲ್ಲಿ ತೂಕವೇ ಸುಳ್ಳಾಗಿರುತ್ತದೆ. 2007ರಲ್ಲಿ ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ ಹಾನಿಗೊಂಡು ದಡ ಸೇರಿದ ಎಂಎಸ್‌ಸಿ ನಾಪೋಲಿ ಹಡಗಿನ ಡೆಕ್ಕಿನಿಂದ ಇಳಿಸಿದ ಒಣ ಕಂಟೇನರುಗಳನ್ನು ತೂಗಿ ನೋಡಿದಾಗ ಸುಮಾರು ಶೇ 20ರಷ್ಟು, ಘೋಷಿಸಿದ ತೂಕಕ್ಕಿಂತ ಮೂರು ಟನ್‌ಗೂ ಮಿಕ್ಕಿ ವ್ಯತ್ಯಾಸ ತೋರಿದವು. 2016ರ ಜುಲೈ 1ರಿಂದ ತೂಗಿ ದೃಢೀಕರಿಸದ ಕಂಟೇನರನ್ನು ಹಡಗಿಗೆ ಹತ್ತಿಸುವಂತಿಲ್ಲ. ಒಳಗೆ ಹೇಗೆ ಜೋಡಿಸಿದ್ದಾರೆ ಎಂಬುದು ಮಾತ್ರ ಇವತ್ತಿಗೂ ಬಾಗಿಲು ಮುಚ್ಚಿದವರಿಗಷ್ಟೇ ಗೊತ್ತು.

2019ರ ಜನವರಿ ಮೊದಲ ರಾತ್ರಿ ಎಂಎಸ್‌ಸಿ ಜೋಯಿ ನೆದರ್ಲೆಂಡ್ಸ್ ತೀರದ ಆಳವಿಲ್ಲದ ನೀರಿನಲ್ಲಿ 342 ಕಂಟೇನರ್ ಕಳೆದುಕೊಂಡ ಪ್ರಕರಣದಲ್ಲಿ ಮಾದರಿ ಹಡಗಿನ ಮೇಲೆ ಪ್ರಯೋಗಗಳು ನಡೆದವು. ಅಲ್ಲಿ ಕಂಡ ಒಂದು ವಿಚಾರ ವಿದ್ಯಾರ್ಥಿಗಳಿಗೆ ಯಾವಾಗಲೂ ವಿಚಿತ್ರವೆನಿಸುತ್ತದೆ. ಬಹಳ ಅಗಲವಾದ ಹಡಗಿಗೆ ಸ್ಥಿರತೆ ತುಂಬಾ ಹೆಚ್ಚು. ಸ್ಥಿರತೆ ಹೆಚ್ಚಾದಷ್ಟೂ ಅದು ವಾಲಿದಾಗ ಥಟ್ಟನೆ ನೆಟ್ಟಗಾಗುತ್ತದೆ. ಆ ಥಟ್ಟನೆಯ ಹೊಡೆತವೆಲ್ಲ ಡೆಕ್ಕಿನ ಮೇಲೆ ಎಂಟು ಹತ್ತು ಅಂತಸ್ತು ಪೇರಿಸಿದ ಕಂಟೇನರುಗಳ ಕಟ್ಟಿನ ಮೇಲೆ ಬೀಳುತ್ತದೆ. ಹಡಗು ಮುಳುಗದಂತೆ ಕಾಪಾಡುವ ಗುಣವೇ ಸರಕನ್ನು ಕಿತ್ತೆಸೆಯುತ್ತದೆ.

ಸರಕು ಸರಿಯದೆ, ಜಾರದೆ, ತುಳುಕದೆ ಕೊಲ್ಲುವುದೂ ಉಂಟು. ಮರದ ಗುಳಿಗೆ (ಮರದ ಪುಡಿ ಒತ್ತಿ ಮಾಡಿದ ಉರುವಲು), ದಿಮ್ಮಿ, ಕಲ್ಲಿದ್ದಲು, ತುಕ್ಕು ಹಿಡಿಯುವ ಕಬ್ಬಿಣದ ಚೂರು, ಇವೆಲ್ಲ ಮುಚ್ಚಿದ ಹೋಲ್ಡಿನ ಆಮ್ಲಜನಕವನ್ನು ಮೆಲ್ಲಗೆ ತಿಂದುಹಾಕುತ್ತವೆ. ಮರದ ಗುಳಿಗೆ ಕಾರ್ಬನ್ ಮೊನಾಕ್ಸೈಡನ್ನೂ ಬಿಡುತ್ತದೆ. ಒಬ್ಬರು ಏಣಿ ಇಳಿದು ಕುಸಿಯುತ್ತಾರೆ, ಅವರನ್ನು ಎತ್ತಲು ಓಡಿ ಇಳಿದ ಇನ್ನೊಬ್ಬರೂ ಕುಸಿಯುತ್ತಾರೆ. ಪಕ್ಕದ ಮೆಟ್ಟಿಲ ಗೂಡಿನಲ್ಲೂ ಅದೇ ಗಾಳಿ ಇರುತ್ತದೆ ಎಂಬುದು ಗೊತ್ತಿಲ್ಲದೆ ಸತ್ತವರಿದ್ದಾರೆ. ಅಳೆಯುವ ಮೀಟರ್ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಅದನ್ನು ಹಗ್ಗ ಕಟ್ಟಿ ಮೊದಲು ಕೆಳಗಿಳಿಸದೆ ಯಾರನ್ನೂ ಇಳಿಸಬಾರದು.

ಪ್ರಶ್ನೋತ್ತರದಿಂದ

ಒಬ್ಬ ವಿದ್ಯಾರ್ಥಿ ಕೇಳಿದರು: ‘ಸರ್, ಹೋಲ್ಡಿನೊಳಗೆ ತೇವಾಂಶದ, ಒತ್ತಡದ ಸೆನ್ಸರ್‌ಗಳನ್ನು ಹಾಕಿಬಿಟ್ಟರೆ ಈ ಸಮಸ್ಯೆ ಮುಗಿಯುವುದಿಲ್ಲವೇ?’

ಸೆನ್ಸರ್ ಬೇಕು, ಆ ಕೆಲಸ ಮಾಡಿ. ಆದರೆ ನಡುಸಮುದ್ರದಲ್ಲಿ ಕೆಂಪು ದೀಪ ಹೊತ್ತಿಕೊಂಡರೆ ಕ್ಯಾಪ್ಟನ್ ಏನು ಮಾಡಬೇಕು? 40 ಸಾವಿರ ಟನ್ ಅದಿರನ್ನು ಒಣಗಿಸಲಾರರು, ಎಸೆಯಲಾರರು. ದಿಕ್ಕು ಬದಲಿಸಿ ಹೊಯ್ದಾಟ ಕಡಿಮೆ ಮಾಡಬಹುದು, ಹತ್ತಿರದ ಬಂದರಿಗೆ ತಿರುಗಿಸಬಹುದು, ಸಿಬ್ಬಂದಿಯನ್ನು ಜೀವರಕ್ಷಕ ದೋಣಿಯ ಹತ್ತಿರ ಸಿದ್ಧವಾಗಿಡಬಹುದು. ಆ ಕೆಲವು ಗಂಟೆಗಳ ಮುನ್ಸೂಚನೆಯಿಂದ ಪ್ರಾಣ ಉಳಿಯಬಹುದು, ಅದಕ್ಕಾಗಿಯೇ ಅದು ಬೇಕು. ಸರಕನ್ನು ಸರಿಪಡಿಸುವ ಅವಕಾಶ ಇರುವುದು ಮಾತ್ರ ದಡದಲ್ಲಿ. ನಿಮ್ಮ ಸೆನ್ಸರನ್ನು ರಾಶಿಯಲ್ಲೂ, ಲೋಡ್ ಮಾಡುವ ಕನ್ವೇಯರ್ ಬೆಲ್ಟಿನ ಮೇಲೂ ಇಡಲು ಸಾಧ್ಯವೇ ನೋಡಿ. ಅಲ್ಲಿ ಅದು ಇನ್ನೂ ಹೆಚ್ಚು ಕೆಲಸಕ್ಕೆ ಬರುತ್ತದೆ.

ಸಾಗಣೆ ವ್ಯವಹಾರದಲ್ಲಿರುವ ಒಬ್ಬರು ಕೇಳಿದ್ದು ಕಷ್ಟದ ಪ್ರಶ್ನೆ: ‘ಲೋಡು ಸರಿಯಿಲ್ಲ ಅಂತ ಕ್ಯಾಪ್ಟನ್ ನಿಲ್ಲಿಸಿದರೆ ದಿನಕ್ಕೆ ಲಕ್ಷಗಟ್ಟಲೆ ನಷ್ಟ. ಅದನ್ನು ಹೊರುವವರು ಯಾರು? ಯಾವ ಕ್ಯಾಪ್ಟನ್ ಧೈರ್ಯ ಮಾಡುತ್ತಾನೆ?’

ಕಾಯಿದೆ ಕ್ಯಾಪ್ಟನ್ ಕಡೆಗಿದೆ. ಸಮುದ್ರಯಾನ ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಸರಕಿನ ಪೂರ್ತಿ ವಿವರವನ್ನು ಕಳಿಸುವವರೇ ಲೋಡಿಂಗಿಗೆ ಮೊದಲು ಬರಹದಲ್ಲಿ ಕೊಡಬೇಕು. ಪ್ರಾಣರಕ್ಷಣೆಗೆ ಅಗತ್ಯವೆಂದು ಕ್ಯಾಪ್ಟನ್ ತೆಗೆದುಕೊಳ್ಳುವ ತೀರ್ಮಾನವನ್ನು ಮಾಲೀಕರಾಗಲಿ, ಬಾಡಿಗೆಗೆ ಪಡೆದವರಾಗಲಿ ತಡೆಯುವಂತಿಲ್ಲ ಎಂದೂ ಅದರಲ್ಲಿದೆ. ಆದರೆ ಬಂದರಿನಲ್ಲಿ ಒಬ್ಬಂಟಿಯಾಗಿ ನಿಂತ ಕ್ಯಾಪ್ಟನ್ ಮೇಲೆ ಬೀಳುವ ಒತ್ತಡ ಈ ಸಾಲುಗಳಿಂದ ಕರಗುವುದಿಲ್ಲ, ನೀವು ಹೇಳುವುದು ನಿಜ. ಆದ್ದರಿಂದ ನಷ್ಟದ ಮಾತು ಒಪ್ಪಂದ ಪತ್ರದಲ್ಲೇ ಮೊದಲು ಇತ್ಯರ್ಥವಾಗಿರಬೇಕು: ಮಿತಿ ಮೀರಿದ ತೇವಾಂಶದಿಂದ ಲೋಡಿಂಗ್ ನಿಂತರೆ ಆ ದಿನಗಳ ಬಾಡಿಗೆ ಸರಕಿನವರದ್ದು ಎಂದು. ಸ್ಯಾಂಪಲ್ ತೆಗೆಯುವಾಗ ಹಡಗಿನ ಪರವಾಗಿ ಒಬ್ಬ ಸ್ವತಂತ್ರ ಪರೀಕ್ಷಕ ರಾಶಿಯ ಬಳಿ ಹಾಜರಿರಬೇಕು, ರಾಶಿಯ ಮೇಲಿನ ಒಣ ಪದರದಿಂದಷ್ಟೇ ಅಲ್ಲದೆ ಒಳಗಿನಿಂದಲೂ ಸ್ಯಾಂಪಲ್ ತೆಗೆಸಬೇಕು. ಪ್ರಯೋಗಾಲಯ ಸರಕಿನವರ ಸ್ವಂತದ್ದಾಗಿರಬಾರದು. ಮಳೆ ಶುರುವಾದ ಗಂಟೆ, ನಿಂತ ಗಂಟೆ, ಹ್ಯಾಚ್ (ಹೋಲ್ಡಿನ ಬಾಯಿ) ಮುಚ್ಚಿದ ಗಂಟೆ ಲಾಗ್ ಪುಸ್ತಕದಲ್ಲಿ ಬರೆದಿರಬೇಕು. ಇಷ್ಟು ಕೈಯಲ್ಲಿದ್ದರೆ ಕ್ಯಾಪ್ಟನ್ ‘ಬೇಡ’ ಅಂದಾಗ ಅದು ಒಬ್ಬನ ಹಟವಾಗಿ ಉಳಿಯುವುದಿಲ್ಲ, ಅಂಕಿ ಸಮೇತ ದಾಖಲೆಯಾಗಿ ಮೇಜಿನ ಮೇಲಿರುತ್ತದೆ.